ಪರವೂರಿನ ಚಿಕಿತ್ಸೆ, ಪಕ್ಕದ ಚಾಪೆಯ ನೆಂಟರು

ಕ್ಯಾನ್ಸರ್ ಇದೆ ಎಂದು ವೈದ್ಯರು ಹೇಳಿದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ ‘ವಾಸಿಯಾಗುತ್ತದೆಯೇ?’. ಎರಡನೆಯದು ‘ಎಷ್ಟು ಖರ್ಚಾಗಬಹುದು?’. ಇವೆರಡಕ್ಕೂ ಹೇಗೋ ಒಂದು ಉತ್ತರ ಸಿಗುತ್ತದೆ. ಮೂರನೆಯ ಪ್ರಶ್ನೆಯೊಂದಿದೆ. ಅದು ಹೆಚ್ಚಿನವರಿಗೆ ಹೊಳೆಯುವುದು ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಇಳಿಸಿದ ಮೇಲೆಯೇ. ಇಷ್ಟು ದಿನ ಈ ಊರಿನಲ್ಲಿ ಎಲ್ಲಿರುವುದು, ಯಾರ ಜೊತೆ?

ಎಲ್ಲಿರುವುದು ಎಂಬುದಕ್ಕೆ ಧರ್ಮಶಾಲೆ, ಬಾಡಿಗೆ ಕೋಣೆ, ದೂರದ ನೆಂಟರ ಮನೆ ಎಂದು ಏನಾದರೂ ದಾರಿ ಕಾಣುತ್ತದೆ. ಯಾರ ಜೊತೆ ಎಂಬುದನ್ನು ಮಾತ್ರ ಯಾರೂ ಚಿಕಿತ್ಸೆಯ ವಿಷಯವೆಂದು ಪರಿಗಣಿಸುವುದಿಲ್ಲ. ಆದರೆ ಚಿಕಿತ್ಸೆ ಪೂರ್ತಿಯಾಗುತ್ತದೆಯೋ ಅರ್ಧಕ್ಕೆ ನಿಲ್ಲುತ್ತದೆಯೋ ಎಂಬುದು ಎಷ್ಟೋ ಬಾರಿ ಈ ಪ್ರಶ್ನೆಯ ಮೇಲೆಯೇ ನಿಂತಿರುತ್ತದೆ.

ಇಷ್ಟು ದಿನ ಏಕೆ?

ಕ್ಯಾನ್ಸರಿಗೆ ಮುಖ್ಯವಾಗಿ ಮೂರು ಬಗೆಯ ಚಿಕಿತ್ಸೆ: ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಮತ್ತು ಔಷಧ ಚಿಕಿತ್ಸೆ, ಅಂದರೆ ಕೀಮೋಥೆರಪಿ. ಶಸ್ತ್ರಚಿಕಿತ್ಸೆಯಾದರೆ ಕೆಲವು ದಿನ ಅಥವಾ ಒಂದೆರಡು ವಾರದಲ್ಲಿ ಆಸ್ಪತ್ರೆಯಿಂದ ಕಳಿಸುತ್ತಾರೆ. ದಿನಗಟ್ಟಲೆ ಕಾಯಿಸುವುದು ವಿಕಿರಣ. ನಮ್ಮ ಹಳ್ಳಿಗಳ ಕಡೆ ಇದನ್ನು ‘ಕರೆಂಟ್ ಕೊಡೋದು’ ಎನ್ನುತ್ತಾರೆ. ವಿದ್ಯುತ್ತಿಗೂ ಇದಕ್ಕೂ ಸಂಬಂಧವಿಲ್ಲ, ಶಾಕ್ ಹೊಡೆಯುವುದೂ ಇಲ್ಲ. ಆದರೂ ಆ ಹೆಸರು ನಿಂತುಬಿಟ್ಟಿದೆ.

ಸಾಮಾನ್ಯವಾಗಿ ವಾರಕ್ಕೆ ಐದು ದಿನ ವಿಕಿರಣ ಕೊಡುತ್ತಾರೆ. ಶನಿವಾರ, ಭಾನುವಾರ ಬಿಡುವು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಆರೇಳು ವಾರ ಹಿಡಿಯುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಐದು ವಾರ ಹೊರಗಿನಿಂದ ಕೊಟ್ಟು, ಅನಂತರ ಒಳಗಿನಿಂದಲೂ ಕೊಡಬೇಕಾಗುತ್ತದೆ. ಸ್ತನದ ಕ್ಯಾನ್ಸರಿಗೆ ಈಗ ಹಲವು ಕಡೆ ಮೂರು ವಾರದಲ್ಲಿ ಮುಗಿಸುತ್ತಾರೆ. ಪ್ರತಿದಿನ ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಕಾಯುವುದೇ ಕೆಲಸ. ಕೀಮೋಥೆರಪಿಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಔಷಧಿ ಕೊಟ್ಟು ಊರಿಗೆ ಕಳಿಸುವುದುಂಟು. ಆದರೆ ಮಕ್ಕಳ ರಕ್ತ ಕ್ಯಾನ್ಸರಿಗೆ ಮೊದಲ ಆರೆಂಟು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕಾಗಿ ಬರುತ್ತದೆ. ಒಟ್ಟು ಚಿಕಿತ್ಸೆ ಎರಡು ಎರಡೂವರೆ ವರ್ಷದ್ದು.

ವಿಕಿರಣದ ಯಂತ್ರಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಮೊದಲಿಗಿಂತ ಈಗ ವಾಸಿ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಮಣಿಪಾಲ, ಬೆಳಗಾವಿ, ಕಲಬುರಗಿಗಳಲ್ಲಿಯೂ ಸೌಲಭ್ಯವಿದೆ. ಆದರೂ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬೀದರಿನಿಂದ ಚಾಮರಾಜನಗರದವರೆಗಿನ ರೋಗಿಗಳು ಬರುತ್ತಾರೆ. ಉತ್ತರ ಕರ್ನಾಟಕದ ಹಲವರು ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ.

ಹದಿನೆಂಟನೇ ಕರೆಂಟ್

ಕೊಪ್ಪಳದ ಕಡೆಯ ಐವತ್ತು ವರ್ಷದ ರೈತನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗುಟ್ಕಾದ ಚಟದಿಂದ ಕೆನ್ನೆಯ ಒಳಗೆ ಹುಣ್ಣಾಗಿ, ಆಪರೇಷನ್ ಮುಗಿದು, 30 ದಿನದ ವಿಕಿರಣಕ್ಕೆಂದು ಬೆಂಗಳೂರಿಗೆ ಬಂದಿದ್ದಾನೆ. ಜೊತೆಗೆ ಹೆಂಡತಿ ಮತ್ತು ಮಗ. ಮೊದಲ ಎರಡು ವಾರ ಏನೂ ತೊಂದರೆ ಕಾಣುವುದಿಲ್ಲ. ಮೂರನೆಯ ವಾರದಲ್ಲಿ ಬಾಯಿ ಕೆಂಪಾಗಿ ಹುಣ್ಣೇಳುತ್ತದೆ. ನಾಲಿಗೆಗೆ ರುಚಿ ತಿಳಿಯುವುದಿಲ್ಲ. ಜೊಲ್ಲು ಅಂಟಂಟಾಗುತ್ತದೆ. ಕತ್ತಿನ ಚರ್ಮ ಕಪ್ಪಾಗುತ್ತದೆ. ಹುಟ್ಟಿದಾಗಿನಿಂದ ರೊಟ್ಟಿ ತಿಂದವನಿಗೆ ಅನ್ನವೂ ಇಳಿಯದು. ಅಷ್ಟರಲ್ಲಿ ಮಗ ಸುಗ್ಗಿಗೆಂದು ಊರಿಗೆ ಹೋಗಿರುತ್ತಾನೆ. ಹದಿನೆಂಟನೆಯ ದಿನ ಗಂಡ ಹೆಂಡತಿ ಇಬ್ಬರೂ ಒಂದು ತೀರ್ಮಾನಕ್ಕೆ ಬರುತ್ತಾರೆ: ‘ಬಂದಾಗ ಚಲೋ ಇದ್ದೆ, ಇವರು ಕರೆಂಟ್ ಕೊಟ್ಟು ಕೊಟ್ಟು ಕೆಡಿಸಿದರು. ಊರಿಗೆ ಹೋಗೋಣ’.

ಇದು ದೊಡ್ಡ ಅಪಾಯ. ಚಿಕಿತ್ಸೆ ನಿಂತ ದಿನಗಳಲ್ಲಿ ಅಳಿದುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ತಲೆ ಕುತ್ತಿಗೆಯ ಹಾಗೂ ಗರ್ಭಕೋಶದ ಕೊರಳಿನ ಕ್ಯಾನ್ಸರುಗಳಲ್ಲಿ ಚಿಕಿತ್ಸೆ ಒಂದು ದಿನ ಎಳೆದುಕೊಂಡು ಹೋದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇಕಡ 1ರಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಎರಡು ವಾರ ತಪ್ಪಿಸಿದರೆ ಏನಾದೀತು, ಯೋಚಿಸಿ. ಸುಗ್ಗಿ ಮುಗಿಸಿ ಬಂದು ಉಳಿದ ಹನ್ನೆರಡನ್ನು ಹಾಕಿಸಿಕೊಂಡರೆ ಲೆಕ್ಕ ಸರಿಹೋಗುವುದಿಲ್ಲ.

ಹುಣ್ಣು ಬರುತ್ತದೆ ಎಂದು ವೈದ್ಯರು ಮೊದಲೇ ಹೇಳಿರುತ್ತಾರೆ. ಆದರೆ ಐದು ನಿಮಿಷದಲ್ಲಿ ಹೇಳಿದ್ದು, ಭಯದಲ್ಲಿ ಕೇಳಿದ್ದು. ಅದೇ ಮಾತನ್ನು ಪಕ್ಕದ ಚಾಪೆಯವನು ಹೇಳಿದಾಗ ಅದರ ತೂಕವೇ ಬೇರೆ. ‘ಅಣ್ಣಾರ, ನನಗೂ ಹದಿನೆಂಟಕ್ಕ ಹಿಂಗ ಆಗಿತ್ತು. ಈಗ ಇಪ್ಪತ್ತೇಳು ಮುಗದಾವ. ಇನ್ನೂ ಉರೀತೈತಿ, ಸುಳ್ಳು ಹೇಳಂಗಿಲ್ಲ. ಆದರ ತಡಕೋಬಹುದು. ಅಕ್ಕಾರ, ರೊಟ್ಟಿ ಹಾಲಾಗ ನೆನಸಿ ಕಿವಿಚಿ ಕೊಡ್ರಿ, ಖಾರ ಬ್ಯಾಡ.’ ಇಷ್ಟೇ ಮಾತು. ಆ ದಂಪತಿಗಳು ಬ್ಯಾಗು ಬಿಚ್ಚುತ್ತಾರೆ. ವಿಕಿರಣ ಮುಗಿದು ಕೆಲವು ವಾರಗಳಲ್ಲಿ ಹುಣ್ಣು ಮಾಯುತ್ತದೆ ಎಂಬುದಕ್ಕೆ ಮುಂದೆ ಅವರೇ ಇನ್ನೊಬ್ಬರಿಗೆ ಸಾಕ್ಷಿಯಾಗುತ್ತಾರೆ.

ಇದನ್ನು ಬರಿಯ ಸಮಾಧಾನದ ಮಾತೆಂದು ತಿಳಿಯಬಾರದು. ನಾವು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಕಾರ್ಯರೂಪಕ್ಕೆ ತರುವುದು ಇಂಥ ಮಾತೇ.

ಧರ್ಮಶಾಲೆ ಎಂಬ ಊರು

ದೂರದ ರೋಗಿಗಳಿಗಾಗಿ ಉಳಿಯುವ ಮನೆ ಕಟ್ಟುವ ಯೋಚನೆ ನಮಗೆ ಹೊಸದಲ್ಲ. ಯಾತ್ರಿಕರಿಗೆ ಛತ್ರ ಕಟ್ಟಿಸಿದ ನಾಡು ಇದು. ಅಮೆರಿಕದಲ್ಲಿ ಕ್ಯಾನ್ಸರ್ ರೋಗಿಗಳಿಗೆಂದೇ ‘ಹೋಪ್ ಲಾಡ್ಜ್’ ಎಂಬ ಉಚಿತ ವಸತಿಗೃಹ ತೆರೆದದ್ದು 1970ರಲ್ಲಿ, ಚಾರ್ಲ್ಸ್‌ಟನ್ ಎಂಬ ಊರಿನಲ್ಲಿ. ಈಗ ಅಲ್ಲಿ ಇಂಥವು ಹಲವಾರು ಇವೆ. ನಮ್ಮಲ್ಲಿ ಕಿದ್ವಾಯಿ ಆಸ್ಪತ್ರೆಯ ರೋಗಿಗಳಿಗೆ ಧರ್ಮಶಾಲೆಯ ಸೌಲಭ್ಯವಿದೆ. ಮುಂಬಯಿಯಲ್ಲಿ ದಾದರಿನ ಸಂತ ಗಾಡಗೆ ಮಹಾರಾಜ ಧರ್ಮಶಾಲೆ, ಪರೇಲಿನ ನಾನಾ ಪಾಲಕರ್ ಸ್ಮೃತಿ ಸಮಿತಿಯ ವಸತಿ ಬಹಳ ಜನರಿಗೆ ಆಸರೆಯಾಗಿವೆ. ಎಲ್ಲರಿಗೂ ಜಾಗ ಸಾಲುವುದಿಲ್ಲ. ಟಾಟಾ ಆಸ್ಪತ್ರೆಯ ಸುತ್ತಲಿನ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹಾಸಿ ವಾರಗಟ್ಟಲೆ ಕಳೆಯುವ ಕುಟುಂಬಗಳನ್ನು ನೋಡಿದವರು ಮರೆಯಲಾರರು.

ಹಣವಿದ್ದವರು ಲಾಡ್ಜಿನಲ್ಲಿ ಕೋಣೆ ಹಿಡಿಯುತ್ತಾರೆ. ಅಲ್ಲಿ ಸ್ನಾನಕ್ಕೆ ಬಿಸಿನೀರು, ಮಲಗಲು ಮಂಚ ಎಲ್ಲ ಇರುತ್ತದೆ. ಮಾತನಾಡಲು ಜನ ಇರುವುದಿಲ್ಲ. ಬಾಗಿಲು ಹಾಕಿಕೊಂಡರೆ ಟಿ.ವಿ. ಮತ್ತು ಗೋಡೆ. ಅನುಕೂಲಸ್ಥ ರೋಗಿಗಳಲ್ಲೇ ಒಂಟಿತನ ಹೆಚ್ಚಾಗಿ ಕಾಣಿಸಿದರೆ ಆಶ್ಚರ್ಯವಿಲ್ಲ.

ಧರ್ಮಶಾಲೆಯಲ್ಲಿ ಹಾಗಲ್ಲ. ಅಲ್ಲಿ ಎಲ್ಲರ ಕೈಯಲ್ಲೂ ಒಂದು ಫೈಲು. ತಲೆಗೂದಲು ಉದುರಿದವಳನ್ನು ಯಾರೂ ತಿರುಗಿ ನೋಡುವುದಿಲ್ಲ. ಮೂಗಿಗೆ ಕೊಳವೆ ಹಾಕಿಸಿಕೊಂಡವನು ಎಲ್ಲರೆದುರು ಕುಳಿತು ಅದರೊಳಗೆ ಗಂಜಿ ಬಿಟ್ಟುಕೊಳ್ಳುತ್ತಾನೆ. ಊರಿನಲ್ಲಿ ಅವನು ಮುಖ ಮುಚ್ಚಿಕೊಂಡು ಓಡಾಡಬೇಕಾಗಿತ್ತು. ‘ಅಂಟಿಕೊಳ್ಳುತ್ತದೆ’ ಎಂದು ತಟ್ಟೆ ಲೋಟ ಬೇರೆ ಮಾಡಿದ ಮನೆಯಿಂದ ಬಂದ ಹೆಂಗಸಿಗೆ ಇಲ್ಲಿ ಯಾರದೋ ಪಾತ್ರೆಯಲ್ಲಿ ಯಾರೋ ಸಾರು ಕೊಡುತ್ತಾರೆ. ಕ್ಯಾನ್ಸರ್ ಮುಟ್ಟಿದರೆ, ಜೊತೆಗೆ ಕುಳಿತರೆ, ಒಟ್ಟಿಗೆ ಉಂಡರೆ ಹರಡುವ ರೋಗವಲ್ಲ. ಹೊರಗಿನ ಯಂತ್ರದಿಂದ ವಿಕಿರಣ ಪಡೆದವರ ಮೈಯಲ್ಲಿ ವಿಕಿರಣ ಉಳಿಯುವುದೂ ಇಲ್ಲ. ಅವರು ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು. (ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಸೂಸುವ ಅಯೋಡಿನ್ ನುಂಗಿಸಿದವರು ಮಾತ್ರ ಕೆಲವು ದಿನ ಇತರರಿಂದ ದೂರವಿರಬೇಕು. ಎಷ್ಟು ದಿನ ಎಂಬುದನ್ನು ಆಸ್ಪತ್ರೆಯಲ್ಲೇ ಹೇಳುತ್ತಾರೆ.)

ಸ್ತನದ ಆಪರೇಷನ್ ಆದವರಿಗೆ ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ ತೋಳೆತ್ತುವ ವ್ಯಾಯಾಮ ಹೇಳಿಕೊಡುತ್ತಾರೆ. ಬಾಯಿಯ ಆಪರೇಷನ್ ಆದವರಿಗೆ ಹಲ್ಲುಗಳ ನಡುವೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದೊಂದಾಗಿ ಸೇರಿಸಿ ಬಾಯಿ ತೆರೆಯುವ ಅಭ್ಯಾಸ. ಒಬ್ಬರೇ ಇದ್ದರೆ ನೋವಿಗೆ ಹೆದರಿ ಎರಡು ದಿನಕ್ಕೇ ಬಿಟ್ಟುಬಿಡುತ್ತಾರೆ. ನಾಲ್ಕು ಜನ ಸೇರಿದರೆ ‘ನಿನ್ನದು ಎಷ್ಟು ಕಡ್ಡಿ ಆಯಿತು?’ ಎಂದು ಪೈಪೋಟಿಯೇ ನಡೆಯುತ್ತದೆ.

ಆಯುಷ್ಯ ಹೆಚ್ಚುತ್ತದೆಯೇ?

ಸಮಾನ ದುಃಖಿಗಳ ಒಡನಾಟದಿಂದ ರೋಗವೇ ಗುಣವಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ತನದ ಕ್ಯಾನ್ಸರ್ ದೇಹದ ಬೇರೆಡೆಗೂ ಹರಡಿದ್ದ 86 ಮಹಿಳೆಯರ ಅಧ್ಯಯನ ಅದು. ಇವರಲ್ಲಿ ಕೆಲವರು ಒಂದು ವರ್ಷ ಕಾಲ ವಾರಕ್ಕೊಮ್ಮೆ ಗುಂಪಾಗಿ ಕುಳಿತು ಮನಸ್ಸು ಬಿಚ್ಚಿ ಮಾತನಾಡಿದರು. ಅವರು ಸರಾಸರಿ ಸುಮಾರು 37 ತಿಂಗಳು ಬದುಕಿದರೆ, ಗುಂಪಿಗೆ ಸೇರದವರು ಬದುಕಿದ್ದು 19 ತಿಂಗಳು. ವೈದ್ಯ ಜಗತ್ತು ಬೆರಗಾಯಿತು. ಆದರೆ 2001ರಲ್ಲಿ 235 ಮಹಿಳೆಯರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಬೇರೆ. ಗುಂಪಿಗೆ ಸೇರಿದವರಲ್ಲಿ ಮನಸ್ಸಿನ ಸಂಕಟ ಕಡಿಮೆಯಿತ್ತು, ನೋವು ಅಷ್ಟಾಗಿ ಬಾಧಿಸಲಿಲ್ಲ. ಮೊದಲಿಗೆ ಹೆಚ್ಚು ನೊಂದಿದ್ದವರಿಗೇ ಹೆಚ್ಚು ಪ್ರಯೋಜನವಾಗಿತ್ತು.

ಆದ್ದರಿಂದ ಗೆಳೆತನ ಔಷಧಿಯ ಬದಲಿಗೆ ಅಲ್ಲ. ‘ಧೈರ್ಯವಾಗಿದ್ದರೆ ಕ್ಯಾನ್ಸರ್ ಓಡಿಹೋಗುತ್ತದೆ’ ಎಂದು ಸಲಹೆ ಕೊಡುವವರನ್ನು ನಾನು ಒಪ್ಪುವುದಿಲ್ಲ. ರೋಗ ಹೆಚ್ಚಾದಾಗ ‘ನನ್ನ ಧೈರ್ಯ ಸಾಲದೆ ಹೀಗಾಯಿತು’ ಎಂದು ರೋಗಿಯೇ ತನ್ನನ್ನು ಹಳಿದುಕೊಳ್ಳುವಂತೆ ಮಾಡುವ ಸಲಹೆ ಅದು. ಆದರೆ ನೋವು ಕಡಿಮೆಯಾಗುವುದು, ನಿದ್ದೆ ಬರುವುದು, ನಾಳೆಯೂ ಆಸ್ಪತ್ರೆಗೆ ಹೋಗಬೇಕೆನಿಸುವುದು ಸಣ್ಣ ಲಾಭಗಳಲ್ಲ.

ಆಸ್ಪತ್ರೆಗಳೂ ಇದನ್ನು ಕಂಡುಕೊಂಡಿವೆ. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಎಂಬಾಕೆ ತಮಗೆ ಸ್ತನದ ಶಸ್ತ್ರಚಿಕಿತ್ಸೆಯಾದ ಮೇಲೆ 1950ರ ದಶಕದಲ್ಲಿ ಒಂದು ಕೆಲಸ ಶುರುಮಾಡಿದರು. ಅದೇ ಶಸ್ತ್ರಚಿಕಿತ್ಸೆಯಾದ ಇತರ ಹೆಂಗಸರ ಹಾಸಿಗೆಯ ಬಳಿಗೆ ಹೋಗಿ ‘ನನ್ನನ್ನು ನೋಡಿ, ಚೆನ್ನಾಗಿದ್ದೇನೆ’ ಎಂದು ತೋರಿಸುವ ಕೆಲಸ. ಮೊದಮೊದಲು ವೈದ್ಯರಿಗೆ ಇದು ಹಿಡಿಸಲಿಲ್ಲ. 1969ರಲ್ಲಿ ಅಮೆರಿಕದ ಕ್ಯಾನ್ಸರ್ ಸೊಸೈಟಿಯೇ ಆ ಯೋಜನೆಯನ್ನು ಕೈಗೆತ್ತಿಕೊಂಡಿತು. ಧ್ವನಿಪೆಟ್ಟಿಗೆ ತೆಗೆಸಿಕೊಂಡು ಮತ್ತೆ ಮಾತು ಕಲಿತವರನ್ನು, ಇನ್ನೂ ಆಪರೇಷನ್ನಿಗೆ ಹೆದರಿ ಕುಳಿತವರಿಗೆ ಭೇಟಿ ಮಾಡಿಸುವ ಪದ್ಧತಿಯೂ ಇದೆ. ನಿಮಗೆ ಅಂಥ ಆಪರೇಷನ್ ಹೇಳಿದ್ದರೆ ‘ಇದನ್ನು ಮಾಡಿಸಿಕೊಂಡವರನ್ನು ಒಮ್ಮೆ ನೋಡಬಹುದೇ?’ ಎಂದು ಸಂಕೋಚವಿಲ್ಲದೆ ಕೇಳಿ.

ಪರಿಚಯ ಹೇಗೆ?

ಚಿಕಿತ್ಸೆ ಗೊತ್ತಾದ ಮೊದಲ ದಿನವೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಾಣುವುದು ಒಳ್ಳೆಯದು. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೆಲ್ಲ ಇವರ ವಿಭಾಗವಿರುತ್ತದೆ. ಧರ್ಮಶಾಲೆಯ ಚೀಟಿ, ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾಗದಪತ್ರ, ರೈಲಿನ ರಿಯಾಯಿತಿಗೆ ಬೇಕಾದ ಪ್ರಮಾಣಪತ್ರ ಇವುಗಳಿಗೆ ದಾರಿ ತೋರುವವರು ಅವರೇ. ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಯ ಪ್ರಯಾಣದಲ್ಲಿ ರೈಲಿನ ಸ್ಲೀಪರ್ ಹಾಗೂ 3ನೇ ದರ್ಜೆ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಯಲ್ಲಿ ಹೋಗುವ ಒಬ್ಬರಿಗೆ ಶೇಕಡ 75. ಕರ್ನಾಟಕದ ಮಹಿಳೆಯರಿಗೆ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಇದರಿಂದ ಆದ ಒಂದು ಉಪಯೋಗವೆಂದರೆ, ಊರಿನಿಂದ ಅಕ್ಕನೋ ಅತ್ತಿಗೆಯೋ ಬಂದು ಒಂದು ವಾರ ಜೊತೆಗಿದ್ದು ಹೋಗುವುದು ಈಗ ಅಷ್ಟು ಕಷ್ಟವಲ್ಲ.

ವಿಕಿರಣ ವಿಭಾಗದಲ್ಲಿ ಪ್ರತಿದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸರದಿ ಬರುತ್ತದೆ. ಆದ್ದರಿಂದ ಬೆಂಚಿನ ಮೇಲೆ ದಿನವೂ ಅದೇ ಮುಖಗಳು. ಮಾತು ತೆಗೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ‘ನಿಮಗೇನು ಕಾಯಿಲೆ?’ ಎಂದು ಶುರುಮಾಡಬಾರದು. ‘ಯಾವ ಸ್ಟೇಜು?’ ಎಂದಂತೂ ಕೇಳಲೇಬಾರದು. ‘ಯಾವೂರಾಯ್ತು?’ ಎಂದು ಕೇಳಿದರೆ ಸಾಕು. ಮಳೆ, ಬೆಳೆ, ಮಕ್ಕಳ ಪರೀಕ್ಷೆ ಎಲ್ಲ ಆದ ಮೇಲೆ ಕಾಯಿಲೆಯ ಮಾತು ತಾನಾಗಿಯೇ ಬರುತ್ತದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಎಷ್ಟೋ ಮನೆಗಳಲ್ಲಿ ರೋಗಿಗೆ ಕ್ಯಾನ್ಸರ್ ಎಂದು ಹೇಳಿರುವುದೇ ಇಲ್ಲ. ‘ಗಂಟು’, ‘ಹುಣ್ಣು’, ‘ಸ್ವಲ್ಪ ಇನ್‌ಫೆಕ್ಷನ್’ ಎಂದು ಕರೆತಂದಿರುತ್ತಾರೆ. ಆಸ್ಪತ್ರೆಯ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರುವಾಗ ಇದು ಎಷ್ಟು ದಿನ ಮುಚ್ಚಿಟ್ಟೀತು? ಪಕ್ಕದ ಹಾಸಿಗೆಯವರ ಬಾಯಿಂದ ಆಕಸ್ಮಿಕವಾಗಿ ತಿಳಿದ ರೋಗಿಗೆ ಕಾಯಿಲೆಯ ಆಘಾತಕ್ಕಿಂತ, ಮನೆಯವರು ತನ್ನಿಂದ ಮರೆಮಾಚಿದರೆಂಬ ನೋವೇ ಹೆಚ್ಚಾಗುತ್ತದೆ. ಮೇಲಾಗಿ, ಗುಟ್ಟು ಕಾಯುವವರು ಯಾರೊಂದಿಗೂ ಸೇರಲಾರರು. ಎಲ್ಲಿ ಮಾತು ಜಾರುತ್ತದೋ ಎಂದು ರೋಗಿಯನ್ನು ಜನರಿಂದ ದೂರವೇ ಇಡುತ್ತಾರೆ. ವೈದ್ಯರ ಎದುರಿಗೆ, ಮನೆಯವರ ಜೊತೆಯಲ್ಲಿ, ರೋಗಿಗೆ ಎಷ್ಟು ತಿಳಿಯಬೇಕೆನಿಸುತ್ತದೆಯೋ ಅಷ್ಟನ್ನು ಮೊದಲೇ ಹೇಳಿಬಿಡುವುದು ಲೇಸು.

ಮುಂಬಯಿಗೆ ಹೋದವರಿಗೆ ಭಾಷೆಯ ತೊಡಕು ಬೇರೆ. ವಿಜಯಪುರ, ಬೆಳಗಾವಿ ಕಡೆಯವರು ಮರಾಠಿಯಲ್ಲಿ ಹೇಗೋ ನಿಭಾಯಿಸುತ್ತಾರೆ. ಹಾಸನ, ತುಮಕೂರಿನವರಿಗೆ ಕಷ್ಟ. ಆದರೆ ಆಸ್ಪತ್ರೆಯ ಸರದಿಯಲ್ಲಿ ಕನ್ನಡ ಕಿವಿಗೆ ಬೀಳದೆ ಇರುವುದಿಲ್ಲ. ಮಾತುಂಗ, ದಾದರಿನ ಉಡುಪಿ ಹೋಟೆಲುಗಳಲ್ಲಿ ಕನ್ನಡ, ತುಳು ಬಲ್ಲವರು ಸಿಗುತ್ತಾರೆ. ನಾಲಿಗೆ ಸತ್ತವರಿಗೆ ಒಂದು ಲೋಟ ತಿಳಿಸಾರು ಸಿಕ್ಕುವುದೂ ಅಲ್ಲೇ. ಬಿಹಾರದ ರೋಗಿಗೂ ಹಾವೇರಿಯ ರೋಗಿಗೂ ಒಂದೇ ಒಂದು ಶಬ್ದ ಸಮಾನವಿಲ್ಲದೆ ಗೆಳೆತನ ಬೆಳೆದದ್ದೂ ಉಂಟು. ಒಬ್ಬರ ಸರದಿ ಬಂದಾಗ ಇನ್ನೊಬ್ಬರು ಚೀಲ ಕಾಯಲು ಭಾಷೆ ಬೇಕಿಲ್ಲವಲ್ಲ.

ಶನಿವಾರ, ಭಾನುವಾರ ಕಳೆಯುವುದೇ ಬಹಳ ಜನರಿಗೆ ಭಾರ. ಆಸ್ಪತ್ರೆಯಿಲ್ಲ, ಕೆಲಸವಿಲ್ಲ, ಊರಿನ ನೆನಪು ಒತ್ತರಿಸಿ ಬರುತ್ತದೆ. ಕಿದ್ವಾಯಿಯಲ್ಲಿರುವವರಿಗೆ ಲಾಲ್‌ಬಾಗ್ ದೂರವಿಲ್ಲ. ಬೆಳಿಗ್ಗೆ ಜನ ಸೇರುವ ಮೊದಲು ನಾಲ್ಕು ಜನ ಕೂಡಿ ಹೋಗಿ ಮರದಡಿ ಕುಳಿತು ಬರಬಹುದು. ವಿಕಿರಣ ಬಿದ್ದ ಚರ್ಮಕ್ಕೆ ಬಿಸಿಲು ತಾಗದಂತೆ ತೆಳು ಹತ್ತಿ ಬಟ್ಟೆ ಹೊದ್ದರಾಯಿತು.

ಜೊತೆಗೆ ಬಂದವರ ಪಾಡು

ರೋಗಿಯನ್ನು ಎಲ್ಲರೂ ವಿಚಾರಿಸುತ್ತಾರೆ. ಜೊತೆಗಿರುವ ಹೆಂಡತಿಯನ್ನು ಅಥವಾ ಮಗನನ್ನು ‘ನೀನು ಊಟ ಮಾಡಿದೆಯಾ?’ ಎಂದು ಕೇಳುವವರು ಅಪರೂಪ. ರಾತ್ರಿ ಕಾವಲು, ಹಗಲು ಸರದಿ, ನಡುವೆ ಹಣದ ಚಿಂತೆ. ಹೆಂಗಸರು ಒಲೆಯ ಹತ್ತಿರ, ನಲ್ಲಿಯ ಹತ್ತಿರ ಮಾತಾಡಿಕೊಂಡು ಅತ್ತು ಹಗುರಾಗುತ್ತಾರೆ. ಗಂಡಸರು ಬೀಡಿ ಸೇದಿ ಸುಮ್ಮನಾಗುತ್ತಾರೆ. ಬಾಯಿ ಕ್ಯಾನ್ಸರಿನ ಅಣ್ಣನನ್ನು ನೋಡಿಕೊಳ್ಳಲು ಬಂದ ತಮ್ಮ ಆಸ್ಪತ್ರೆಯ ಗೇಟಿನ ಹೊರಗೆ ಗುಟ್ಕಾ ಚೀಟಿ ಹರಿಯುವುದನ್ನು ನೋಡಿದಾಗ ಏನು ಹೇಳಬೇಕೋ ತಿಳಿಯುವುದಿಲ್ಲ.

ಇಲ್ಲಿ ಜೋಡಿ ಮಾಡಿಕೊಳ್ಳುವ ಉಪಾಯ ಬಲು ಪ್ರಯೋಜನಕಾರಿ. ಎರಡು ಕುಟುಂಬ ಒಂದಾದರೆ ಒಬ್ಬರು ರಕ್ತದ ರಿಪೋರ್ಟಿಗೆ ನಿಲ್ಲಬಹುದು, ಇನ್ನೊಬ್ಬರು ಅಡಿಗೆ ಮಾಡಬಹುದು. ಒಬ್ಬರು ಎರಡು ದಿನ ಊರಿಗೆ ಹೋಗಿ ದುಡ್ಡು ಹೊಂದಿಸಿಕೊಂಡು ಬರುವಾಗ ಇನ್ನೊಬ್ಬರು ರೋಗಿಯನ್ನು ವಿಕಿರಣಕ್ಕೆ ಕರೆದೊಯ್ಯಬಹುದು. ಮೊದಲ ವಾರ ‘ಅವರ ಕೈಯ ಅಡಿಗೆಯೇ?’ ಎಂದು ಜಾತಿ ಎಣಿಸಿದವರು ಮೂರನೆಯ ವಾರದಲ್ಲಿ ಒಂದೇ ಕುಕ್ಕರಿನಲ್ಲಿ ಬೇಯಿಸುತ್ತಿರುತ್ತಾರೆ.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಸಾಯುವ ಯೋಚನೆ ಬರುವುದು ರೋಗಿಯಲ್ಲಾಗಲಿ ಜೊತೆಗಾರರಲ್ಲಾಗಲಿ ಕಂಡರೆ ಅದು ಬರಿಯ ಬೇಸರವಲ್ಲ, ಖಿನ್ನತೆ. ಅದಕ್ಕೆ ಗೆಳೆಯರ ಮಾತು ಸಾಲದು, ಚಿಕಿತ್ಸೆ ಬೇಕು. ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಕೂಡಲೇ ಹೇಳಿ. ಕಿದ್ವಾಯಿಯ ನೆರೆಯಲ್ಲೇ ನಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು.

ಮಕ್ಕಳಿಗೆ ಗೆಳೆಯರು ಬೇಕು

ಮಕ್ಕಳ ವಿಷಯದಲ್ಲಿ ಕಾಲ ಇನ್ನೂ ದೀರ್ಘ. ಶಾಲೆ ತಪ್ಪುತ್ತದೆ, ಓರಗೆಯವರು ತಪ್ಪುತ್ತಾರೆ. ಇಂಥ ಮಕ್ಕಳಿಗಾಗಿಯೇ 2006ರಲ್ಲಿ ಮುಂಬಯಿಯಲ್ಲಿ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಎಂಬ ಸಂಸ್ಥೆ ಉಚಿತ ವಸತಿ ಆರಂಭಿಸಿತು. ಈಗ ಬೇರೆ ನಗರಗಳಲ್ಲಿಯೂ ಅದರ ಮನೆಗಳಿವೆ. ಪ್ರತಿ ಕುಟುಂಬಕ್ಕೂ ಒಂದು ಶುಚಿಯಾದ ಕೋಣೆ, ಅಡಿಗೆಗೆ ಪಡಿತರ, ಮಕ್ಕಳಿಗೆ ಪಾಠ, ಆಟ. ತಲೆ ಬೋಳಾದ ಹತ್ತು ಮಕ್ಕಳು ಒಟ್ಟಿಗೆ ಕೇರಂ ಆಡುವಾಗ ಬೋಳುತಲೆ ಯಾರಿಗೂ ವಿಶೇಷವಲ್ಲ. ಸೂಜಿಗೆ ಅಳುವ ಮಗು, ತನಗಿಂತ ಚಿಕ್ಕ ಮಗು ಅಳದೆ ಕೈ ಚಾಚಿದ್ದನ್ನು ನೋಡಿ ತಾನೂ ಚಾಚುತ್ತದೆ.

ಕೆಲವು ಎಚ್ಚರಿಕೆಗಳು

ಒಡನಾಟ ಬೇಕು ಎಂದ ಮಾತ್ರಕ್ಕೆ ಎಲ್ಲವೂ ಹಿತವಲ್ಲ. ಕೀಮೋಥೆರಪಿ ಕೊಟ್ಟ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ಬಹಳ ಇಳಿಯುತ್ತವೆ. ಆಗ ಸಣ್ಣ ನೆಗಡಿಯೂ ದೊಡ್ಡದಾದೀತು. ಆ ದಿನಗಳಲ್ಲಿ ಗುಂಪು ಸೇರದೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ದೂರದಿಂದಲೇ ಮಾತನಾಡಿ. ಕೆಮ್ಮು, ಜ್ವರ, ಸೀತಾಳೆ ಸಿಡುಬು ಇರುವವರ ಬಳಿ ಹೋಗಬೇಡಿ. ಥರ್ಮಾಮೀಟರು ಸದಾ ಜೊತೆಗಿರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ನಡೆಯಿರಿ. ‘ಬೆಳಗಾಗಲಿ’ ಎಂದು ಪಕ್ಕದವರು ಕೊಟ್ಟ ಜ್ವರದ ಮಾತ್ರೆ ನುಂಗಿ ಮಲಗಬೇಡಿ.

ಧರ್ಮಶಾಲೆಯಲ್ಲಿ ಅಡಿಗೆಯ ಉಪಾಯ ಹಂಚಿಕೊಳ್ಳಿ, ಔಷಧಿಯದ್ದಲ್ಲ. ಬಾಯಿ ಹುಣ್ಣಿಗೆ ಒಂದು ಲೀಟರ್ ಬೆಚ್ಚನೆಯ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡಿಗೆ ಸೋಡ ಬೆರೆಸಿ ಮತ್ತೆ ಮತ್ತೆ ಮುಕ್ಕಳಿಸುವುದು ಒಳ್ಳೆಯದು. ರಾಗಿ ಅಂಬಲಿ, ಮಜ್ಜಿಗೆ, ಮೆತ್ತಗಿನ ಗಂಜಿ ಯಾರು ಹೇಳಿದರೂ ಸರಿಯೇ. ಆದರೆ ‘ಇಂಥ ಊರಿನಲ್ಲಿ ಒಬ್ಬರು ತೊಗಟೆಯ ಪುಡಿ ಕೊಡುತ್ತಾರೆ, ನಮ್ಮ ಮಾವನಿಗೆ ವಾಸಿಯಾಯಿತು’ ಎಂಬ ಸುದ್ದಿ ಧರ್ಮಶಾಲೆಯಲ್ಲಿ ಬಲು ಬೇಗ ಹರಡುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಪುಡಿಯಿಂದ ಯಕೃತ್ತು ಕೆಟ್ಟು ಕೀಮೋಥೆರಪಿಯನ್ನೇ ನಿಲ್ಲಿಸಬೇಕಾಗಿ ಬಂದಾಗ ಅವರು ಅಲ್ಲಿರುವುದಿಲ್ಲ.

ಇನ್ನೊಂದು, ಹೋಲಿಕೆ. ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ. ಇಬ್ಬರಿಗೆ ನಾಲಿಗೆಯ ಕ್ಯಾನ್ಸರ್ ಆಗಿದ್ದರೂ ಒಬ್ಬರದು ಆರಂಭದ ಹಂತ, ಇನ್ನೊಬ್ಬರದು ಮುಂದುವರಿದದ್ದು ಇರಬಹುದು. ‘ಅವನಿಗೆ ಆಪರೇಷನ್ ಮಾಡಿದರು, ನನಗೇಕೆ ಮಾಡಲಿಲ್ಲ?’ ಎಂಬ ಅನುಮಾನವನ್ನು ಚಾಪೆಯ ಮೇಲೆ ಬಗೆಹರಿಸಬೇಡಿ, ವೈದ್ಯರನ್ನೇ ಕೇಳಿ. ಗೆಳೆಯನ ಸೋಗಿನಲ್ಲಿ ಬಂದು ‘ಬೇಗ ಬೆಡ್ ಕೊಡಿಸುತ್ತೇನೆ’ ಎಂದು ಹಣ ಕೇಳುವ ದಲ್ಲಾಳಿಗಳ ವಿಷಯದಲ್ಲೂ ಜಾಗ್ರತೆ. ಫೈಲು, ಆಧಾರ್, ರೇಷನ್ ಕಾರ್ಡುಗಳನ್ನು ಯಾರ ಕೈಗೂ ಕೊಡಬೇಡಿ.

ಖಾಲಿಯಾದ ಚಾಪೆ

ಈ ಗೆಳೆತನಕ್ಕೆ ಒಂದು ಬೆಲೆಯಿದೆ. ನಿನ್ನೆ ಸಂಜೆ ಜೊತೆಗೆ ಚಹಾ ಕುಡಿದವರು ಇವತ್ತು ಐ.ಸಿ.ಯು.ನಲ್ಲಿರುತ್ತಾರೆ. ಎರಡು ದಿನದ ಮೇಲೆ ಅವರ ಹೆಂಡತಿ ಬಂದು ಪಾತ್ರೆ ಸಾಮಾನು ಕಟ್ಟಿಕೊಂಡು ಹೋಗುತ್ತಾಳೆ. ಉಳಿದವರು ಗೋಡೆ ನೋಡುತ್ತಾ ಮಲಗುತ್ತಾರೆ. ಎಲ್ಲರ ಮನಸ್ಸಿನಲ್ಲೂ ಒಂದೇ ಮಾತು: ಮುಂದಿನ ಸರದಿ ನನ್ನದೇ? ಇದಾದ ಮೇಲೆ ಕೆಲವರು ಯಾರನ್ನೂ ಮಾತನಾಡಿಸುವುದಿಲ್ಲ. ‘ಹಚ್ಚಿಕೊಂಡರೆ ತಾನೇ ನೋವು’ ಎಂದು ದೂರ ಸರಿಯುತ್ತಾರೆ.

ಅವರನ್ನು ಬಲವಂತ ಮಾಡಬೇಕಿಲ್ಲ. ಆದರೆ ಆ ಹೆಸರನ್ನೇ ಎತ್ತದೆ ಇರುವುದು ಸರಿಯಲ್ಲ. ಅಂದು ಸಂಜೆ ನಾಲ್ವರು ಕುಳಿತು ಹೋದವರ ಬಗ್ಗೆ ಮಾತನಾಡಿದರೆ, ಅವರ ಮನೆಯವರಿಗೊಂದು ಫೋನ್ ಮಾಡಿದರೆ, ಆ ಭಯ ಹಂಚಿಹೋಗುತ್ತದೆ. ಮಕ್ಕಳು ‘ಅವನೆಲ್ಲಿ?’ ಎಂದು ಕೇಳಿದಾಗ ‘ಊರಿಗೆ ಹೋದ’ ಎನ್ನುವುದು ರೂಢಿ. ಆಮೇಲೆ ಊರಿಗೆ ಹೋಗುವುದೆಂದರೇ ಮಗುವಿಗೆ ಹೆದರಿಕೆಯಾಗಬಹುದು. ‘ಅವನ ಕಾಯಿಲೆ ಬಹಳ ಜಾಸ್ತಿಯಾಗಿತ್ತು, ತೀರಿಕೊಂಡ. ನಿನ್ನ ಕಾಯಿಲೆಗೆ ಡಾಕ್ಟರು ಔಷಧಿ ಕೊಡುತ್ತಿದ್ದಾರೆ’ ಎಂದು ಸರಳವಾಗಿ ನಿಜ ಹೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ.

ಊರಿಗೆ ಮರಳಿದ ಮೇಲೆ

ಚಿಕಿತ್ಸೆ ಮುಗಿದ ದಿನ ಸಂತೋಷದ ಜೊತೆಗೆ ಏನೋ ಕಳೆದುಕೊಂಡಂತೆ ಆಗುವುದು ಸಹಜ. ಊರಿನಲ್ಲಿ ‘ಎಲ್ಲ ಸರಿಹೋಯಿತಲ್ಲ, ಇನ್ನೇನು?’ ಎನ್ನುತ್ತಾರೆ. ಸರಿಹೋಗಿರುವುದಿಲ್ಲ. ಸುಸ್ತು ತಿಂಗಳುಗಟ್ಟಲೆ ಇರಬಹುದು, ರುಚಿ ಮರಳಲು ಸಮಯ ಬೇಕು, ಸಣ್ಣ ನೋವಿಗೂ ‘ಮತ್ತೆ ಬಂತೇ?’ ಎಂಬ ದಿಗಿಲು. ಆಗ ನೆನಪಾಗುವುದು ಧರ್ಮಶಾಲೆಯ ಒಡನಾಡಿಗಳೇ. ಆದ್ದರಿಂದ ಹೊರಡುವ ಮುನ್ನ ಫೋನ್ ನಂಬರನ್ನು ಮೊಬೈಲಿನಲ್ಲಷ್ಟೇ ಅಲ್ಲ, ಆಸ್ಪತ್ರೆಯ ಫೈಲಿನ ಹಿಂಬದಿಯಲ್ಲೂ ಬರೆದಿಟ್ಟುಕೊಳ್ಳಿ. ಮೊಬೈಲು ಕೆಡುತ್ತದೆ, ಫೈಲನ್ನು ಯಾರೂ ಬಿಸಾಡುವುದಿಲ್ಲ.

ಮರುತಪಾಸಣೆಗೆ ಮೊದಲ ಒಂದೆರಡು ವರ್ಷ ಕೆಲವು ತಿಂಗಳಿಗೊಮ್ಮೆ ಬರಬೇಕಾಗುತ್ತದೆ. ಚೆನ್ನಾಗಿಯೇ ಇದ್ದೇನಲ್ಲ ಎಂದು ತಪ್ಪಿಸುವವರು ಬಹಳ. ನಿಮ್ಮ ಜೊತೆಗಾರರ ಘಟಕವೂ ನಿಮ್ಮದೂ ಒಂದೇ ಆಗಿದ್ದರೆ ಇಬ್ಬರಿಗೂ ಒಂದೇ ದಿನ ಬರೆದುಕೊಡುವಂತೆ ಕೇಳಿ ನೋಡಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಒಬ್ಬರು ಗಂಗಾವತಿಯಿಂದ, ಇನ್ನೊಬ್ಬರು ಕಡೂರಿನಿಂದ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಓಪಿಡಿಯ ಬಾಗಿಲಲ್ಲಿ ಮೊದಲು ಬಂದವರು ಇಬ್ಬರ ಹೆಸರಿಗೂ ಚೀಟಿ ಮಾಡಿಸಿದರಾಯಿತು.